ಹಳೆ ಹೆಂಚಿಗೂ ಕೆಲಸ ಕೊಟ್ಟ ವಾಸ್ತುಶಿಲ್ಪಿ

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಹಳೆಯ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವ ಭರಾಟೆಯಲ್ಲಿ, ಇಳಿಸಿದ ಮಂಗಳೂರು ಹೆಂಚುಗಳು ತೋಟದ ಮೂಲೆಯಲ್ಲಿ ಪಾಚಿ ಹಿಡಿಯುತ್ತಿರುವುದನ್ನು ಕಂಡಾಗ, ನೆರೆಯ ಕೇರಳದ ಮನೆಗಳಿಗೆ ಹೊಸ ರೂಪ ಕೊಟ್ಟ ಲಾರಿ ಬೇಕರ್ ನೆನಪಾಗುತ್ತಾರೆ. 1917ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಅವರು 1945ರಲ್ಲಿ ಕುಷ್ಠರೋಗಿಗಳ ಆಸ್ಪತ್ರೆಗಳ ಕಟ್ಟಡ ಕೆಲಸಕ್ಕೆಂದು ಭಾರತಕ್ಕೆ ಬಂದು, ಈಗಿನ ಉತ್ತರಾಖಂಡದ ಪಿತೋರಗಢದ ಬೆಟ್ಟಗಳಲ್ಲಿ ಹಳ್ಳಿಗರ ಕಲ್ಲು-ಮಣ್ಣಿನ ಕಸುಬು ಅರಿತು, 1960ರ ದಶಕದಲ್ಲಿ ಕೇರಳ ಸೇರಿ, 2007ರಲ್ಲಿ ತಿರುವನಂತಪುರದಲ್ಲೇ ನಿಧನರಾದರು. ತಾರಸಿಯಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲದ ಕೆಳಭಾಗಕ್ಕೆ ಅವರು ಹಳೆ ಹೆಂಚುಗಳನ್ನೇ ಇಡಿಸುತ್ತಿದ್ದರು. ಸಿಮೆಂಟೂ ಉಳಿಯುತ್ತಿತ್ತು, ಮನೆಯೂ ತಂಪಾಗಿರುತ್ತಿತ್ತು. ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ ನಡುವೆ ಪೊಳ್ಳು ಬಿಡುವ ಅವರ ಗೋಡೆಯಲ್ಲಿ ಸುಮಾರು ಕಾಲು ಭಾಗ ಇಟ್ಟಿಗೆ ಉಳಿತಾಯ. ಗಿಲಾವಿನ ಹಂಗೂ ಇಲ್ಲ. ಗಾಳಿ-ಬೆಳಕಿಗೆಂದು ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟುವ ಅವರ ‘ಜಾಲಿ’ ಗೋಡೆಗಳು ಮಡಿಕೇರಿಯ ಗಾಳಿಮಳೆಗೆ ಒಗ್ಗುವುದು ಅನುಮಾನ, ಆ ಮಾತು ಬೇರೆ. ಆದರೆ ಇಳಿಜಾರನ್ನು ಕಡಿದು ಸಮತಟ್ಟು ಮಾಡದೆ ನೆಲದ ಏರಿಳಿತಕ್ಕೆ ತಕ್ಕಂತೆ ಕಟ್ಟಬೇಕೆಂಬ ಅವರ ಪಟ್ಟು, 2018ರ ಭೂಕುಸಿತ ಕಂಡ ನಮ್ಮ ಜಿಲ್ಲೆಗೆ ತೀರಾ ಪ್ರಸ್ತುತ. ಮನೆ ನಕ್ಷೆಗೆ ಅನುಮತಿ ನೀಡುವ ಸ್ಥಳೀಯ ಸಂಸ್ಥೆಗಳು ಈ ವಿಧಾನಗಳಲ್ಲಿ ನಮ್ಮ ಮೇಸ್ತ್ರಿಗಳಿಗೆ ತರಬೇತಿ ಏರ್ಪಡಿಸಲಿ.

– ಓದುಗ, ಮಡಿಕೇರಿ