ಎಡಬಿಡಂಗಿ ಆಗುತ್ತೇನೆಂದು ಬರೆದಿದ್ದೀಯಲ್ಲ

ಕೋಲಾರ

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ಅದನ್ನು ಬಿಡುತ್ತೇನೆ. ನಿನ್ನ ಪತ್ರದ ಕೊನೆಯಲ್ಲಿ ಬರೆದಿದ್ದೀಯಲ್ಲ, ‘ರಸಾಯನಶಾಸ್ತ್ರದವರಿಗೂ ಬೇಡ, ಸಮಾಜಶಾಸ್ತ್ರದವರಿಗೂ ಬೇಡ, ಕೊನೆಗೆ ಎಡಬಿಡಂಗಿಯಾಗಿ ಉಳಿಯುತ್ತೇನೇನೋ’ ಎಂದು. ಅದನ್ನು ಓದಿದ ಮೇಲೆ ಉಳಿದದ್ದು ಯಾವುದೂ ತಲೆಗೆ ಹತ್ತಲಿಲ್ಲ. ರಾತ್ರಿ ಎದ್ದು ಮತ್ತೆ ಓದಿದೆ.

ರಸಾಯನಶಾಸ್ತ್ರ, ಸಮಾಜಶಾಸ್ತ್ರ ಎರಡನ್ನೂ ಕೂಡಿಸಿ ಮಾಡುತ್ತಿರುವ ಪಿಎಚ್.ಡಿ. ವಿಷಯದಲ್ಲಿ ನಿನಗೆ ಬುದ್ಧಿ ಹೇಳುವಷ್ಟು ನಾನು ಓದಿದವಳಲ್ಲ. ಆದರೆ ಆ ಮಾತು ನನ್ನನ್ನು ನಾನು ನೀರು ಪರೀಕ್ಷಿಸುತ್ತಿದ್ದ ಹಳೆಯ ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋಯಿತು. ಹಳ್ಳಿಗಳಿಂದ ಕೊಳವೆಬಾವಿಯ ನೀರು ಬಾಟಲಿಗಳಲ್ಲಿ ಬರುತ್ತಿತ್ತು. ಕೆಂಪು ದ್ರಾವಣ ಬೆರೆಸಿದರೆ, ಬಂಡೆಯಿಂದ ನೀರಿಗಿಳಿದು ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಹೆಚ್ಚಿದ್ದಷ್ಟೂ ಆ ಕೆಂಪು ಮಾಸುತ್ತದೆ. ಲೀಟರಿಗೆ 1 ಮಿಲಿಗ್ರಾಂ ಮಿತಿ, ಬೇರೆ ನೀರೇ ಸಿಗದ ಕಡೆ 1.5. ದಾಟಿದರೆ ‘ಕುಡಿಯಲು ಯೋಗ್ಯವಲ್ಲ’ ಎಂದು ಬರೆದು ಕಳಿಸುವುದು. ನನ್ನ ಕೆಲಸ ಅಲ್ಲಿಗೆ ಮುಗಿಯಿತು.

ಒಮ್ಮೆ ಒಬ್ಬ ತಾಯಿ ಬಾಟಲಿ ಹಿಡಿದುಕೊಂಡು ತಾನೇ ಬಂದಳು. ಜೊತೆಗಿದ್ದ ಮಗ ಬಾಯಿ ತೆರೆದರೆ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೀರು. ‘ಈ ನೀರಿನಲ್ಲಿ ಮುದ್ದೆ ಬೇಯಿಸಬಹುದೇ? ಹಾಲು ಕೊಟ್ಟರೆ ಇವನಿಗೆ ಸರಿಹೋಗುತ್ತದೆಯೇ?’ ಎಂದು ಕೇಳಿದಳು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬಷ್ಟು ಮಾತ್ರ ನನಗೆ ತಿಳಿದಿತ್ತು. ಕ್ಯಾಲ್ಸಿಯಂ ಕಡಿಮೆಯಿರುವ ಊಟ ಉಣ್ಣುವ ಮಕ್ಕಳಿಗೆ ಇದರ ಕಾಟ ಹೆಚ್ಚು ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು. ಬಂಡೆಯ ವಿಷಯ ಭೂವಿಜ್ಞಾನಿಗೆ ಗೊತ್ತು, ಮೂಳೆಯ ವಿಷಯ ವೈದ್ಯರಿಗೆ ಗೊತ್ತು. ಎಲ್ಲವನ್ನೂ ಕೂಡಿಸಿ ಆ ತಾಯಿಗೆ ಹೇಳುವುದು ಯಾರ ಕೆಲಸವೂ ಆಗಿರಲಿಲ್ಲ. ಮುಂದೆ ಓದುವ ಆಸೆ ನನಗಿತ್ತು. ಆಗಿನ ಮನೆಯ ಸ್ಥಿತಿ ನಿನಗೆ ಗೊತ್ತೇ ಇದೆ. ಆ ಕೊರಗು ಇವತ್ತಿಗೂ ಹೋಗಿಲ್ಲ.

ಆದ್ದರಿಂದಲೇ ನಿನ್ನ ಮಾತು ನನ್ನನ್ನು ಇಷ್ಟು ಕಲಕಿತು. ಆ ತಾಯಿಗೆ ಬೇಕಾಗಿದ್ದವಳು ನಿನ್ನಂಥವಳೇ ಕಣಮ್ಮ. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ಕೊಳವೆಗಳಲ್ಲಿ ನಮ್ಮ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜನ ಸಂತೋಷಪಟ್ಟರು. ಸ್ವಲ್ಪ ದಿನಕ್ಕೇ ನೊರೆ ಕಂಡು ಹೆದರಿದರು. ವಿಷಯ ನ್ಯಾಯಾಲಯಕ್ಕೂ ಹೋಯಿತು. ಬತ್ತಿದ ಬಾವಿಗೆ ನೀರು ಬಂದ ರೈತನ ಸಂತೋಷವೂ ನಿಜ, ಎರಡು ಹಂತ ಸಾಲದು, ಇನ್ನೂ ಶುದ್ಧಮಾಡುವ ಮೂರನೇ ಹಂತವಿಲ್ಲದೆ ಬಿಡಬೇಡಿ ಎಂದವರ ಆತಂಕವೂ ನಿಜ. ಆ ಕೆರೆಯ ನೀರನ್ನು ಅಳೆದು, ಅದೇ ಕೆರೆಯ ಕೆಳಗೆ ಟೊಮೆಟೊ ಬೆಳೆಯುವವರ ಮನೆಯಲ್ಲಿ ಕುಳಿತು ಮಾತಾಡುವವರು ಬೇಡವೇ? ಅದು ಎಡಬಿಡಂಗಿತನ ಎನ್ನುವವರು ನೀರಿಗಾಗಿ ಕಾದವರಲ್ಲ.

ತಾತ ಗಣಿಯ ವಿಷಯ ಹೇಳುತ್ತಿದ್ದರು. 1965ರಲ್ಲಿ ಕೆ.ಜಿ.ಎಫ್. ಚಿನ್ನದ ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿ ನೆಲವನ್ನೂ ತೂರಿ ಹೋಗುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಸಿಕ್ಕಿತು. ಮುಂಬಯಿಯ ಟಾಟಾ ಸಂಸ್ಥೆಯವರ ಜೊತೆಗೆ ಜಪಾನ್, ಇಂಗ್ಲೆಂಡಿನ ಭೌತವಿಜ್ಞಾನಿಗಳೂ ಇದ್ದರು. ಗಣಿಯವರ ಕೈ ಹಿಡಿಯದೆ ಅವರ ಉಪಕರಣ ಕೆಳಗಿಳಿಯುತ್ತಿತ್ತೇ? ಅವರ ಬೆನ್ನಿಗೆ ದೊಡ್ಡ ಸಂಸ್ಥೆಯಿತ್ತು, ನಿನಗಿಲ್ಲ. ಅದನ್ನೂ ಬಲ್ಲೆ.

ನಿನ್ನ ಭಯ ಬರೀ ಕಲ್ಪನೆ ಎಂದು ಹೇಳಲಾರೆ. ಅಧ್ಯಾಪಕರ ನೇಮಕಾತಿ ಪ್ರಕಟಣೆ ಬಂದಾಗ ಮೊದಲು ನೋಡುವುದು ಸ್ನಾತಕೋತ್ತರ ಪದವಿ ಯಾವ ವಿಷಯದಲ್ಲಿ ಎಂದೇ. ನಿನ್ನ ಎಂ.ಎಸ್ಸಿ. ರಸಾಯನಶಾಸ್ತ್ರದಲ್ಲಿದೆ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ. ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಯನ್ನೂ ಅದರಲ್ಲೇ ಬರೆದುಬಿಡು. ರಸಾಯನಶಾಸ್ತ್ರದ ಸಂಶೋಧನಾ ಪತ್ರಿಕೆಗೇ ಒಂದು ಲೇಖನ ಕಳಿಸಿದರೆ ಚೆನ್ನ ಅನ್ನಿಸುತ್ತದೆ, ನಿನ್ನ ಗೈಡ್ ಏನೆನ್ನುತ್ತಾರೋ ಕೇಳು. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2022ರ ಪಿಎಚ್.ಡಿ. ನಿಯಮದಲ್ಲಿ ಬೇರೆ ವಿಭಾಗದವರನ್ನು ಸಹಮಾರ್ಗದರ್ಶಕರಾಗಿ ಪಡೆಯಲು ಅವಕಾಶವಿದೆಯಂತಲ್ಲ, ನಮ್ಮ ಪಕ್ಕದ ಮನೆಯ ಉಪನ್ಯಾಸಕರು ತೋರಿಸಿದರು. ವಾರಕ್ಕೆ ನಾಲ್ಕರಿಂದ ಆರು ಗಂಟೆ ಪಾಠ, ಪ್ರಯೋಗಾಲಯದ ಕೆಲಸ ಕೊಡಬಹುದು ಎಂದೂ ಅದರಲ್ಲಿದೆ. ಸಮಯ ಹಾಳು ಎಂದುಕೊಳ್ಳದೆ ಒಪ್ಪಿಕೋ. ಪಾಠ ಮಾಡಿದವಳನ್ನು ಆ ವಿಭಾಗ ಹೊರಗಿನವಳು ಎನ್ನುವುದು ಕಷ್ಟ. ಇದೆಲ್ಲ ನಿನಗೆ ಆಗಲೇ ಗೊತ್ತಿದ್ದರೆ ಬೇಸರಿಸಬೇಡ.

ಆದರೂ ಎಡಬಿಡಂಗಿ ಎಂಬ ಮಾತನ್ನು ಇನ್ನೊಮ್ಮೆ ಬರೆಯಬೇಡಮ್ಮ, ನನ್ನ ಕರುಳು ಹಿಂಡಿದಂತಾಗುತ್ತದೆ. ಎರಡೂ ವಿಭಾಗದವರಿಗೆ ಅರ್ಥವಾಗುವಂತೆ ಬರೆಯಲು ಹೆಣಗುತ್ತಿದ್ದೀಯ, ಅದಕ್ಕೇ ಇಬ್ಬರ ಬೈಗುಳವೂ ನಿನಗೆ ಸಿಗುತ್ತಿದೆ.

ಸಮಾಜಶಾಸ್ತ್ರದ ಆ ಮೇಡಂ ಹತ್ತಿರ ಸಹಮಾರ್ಗದರ್ಶನದ ವಿಷಯ ಎತ್ತಿದೆಯಾ, ಏನೆಂದರು ಎಂದು ಬರೆ. ಇಲ್ಲಿ ನರಸಾಪುರದ ಕಡೆ ನೀರಿನ ಮಾದರಿ ತೆಗೆಯಲು ಬಂದಾಗ ಒಬ್ಬಳೇ ಹೋಗಬೇಡ. ಅಲ್ಲಿ ತೆಲುಗು ಮಾತಾಡುವ ಮನೆಗಳು ಬಹಳ, ನಿನ್ನ ತೆಲುಗು ಸಾಲದು. ಹೆಂಗಸರ ಹತ್ತಿರ ನಾನು ಮಾತಾಡುತ್ತೇನೆ, ನೀನು ಬರೆದುಕೋ.

ನಿನ್ನ ದೊಡ್ಡಮ್ಮ