ಅಜ್ಜಿಯ ಅರ್ಜಿಗೆ ಯಾರ ಸಹಿ?

ಮಾನ್ಯರೇ,

ಓದು ಅರ್ಧಕ್ಕೆ ಬಿಟ್ಟವರು ಮತ್ತೆ ಪದವಿಗೆ ಹೊರಟರೆ ಮೊದಲು ಎಡವುವುದು ಪಾಠದಲ್ಲಲ್ಲ, ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಇನಿಶಿಯಲ್, ಆಧಾರ್‌ನಲ್ಲಿ ಗಂಡನ ಮನೆಯ ಅಡ್ಡಹೆಸರು. ದೂರಶಿಕ್ಷಣಕ್ಕೆ 2024ರಿಂದ ಕಡ್ಡಾಯವಾಗಿರುವ ಡೆಬ್ ಐಡಿಗೆ (ಯುಜಿಸಿಯ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ) ಮೊದಲು ಎಬಿಸಿ ಐಡಿ (ಓದಿನ ಕ್ರೆಡಿಟ್ ಜಮೆಯಾಗುವ ಡಿಜಿಟಲ್ ಖಾತೆಯ ಸಂಖ್ಯೆ) ಬೇಕು. ಅದು ಆಧಾರ್‌ನ ಹೆಸರನ್ನೇ ಎತ್ತಿಕೊಳ್ಳುತ್ತದೆ. ಹಾಗಾಗಿ ಆಧಾರ್ ತಿದ್ದುಪಡಿ ಮೊದಲು, ಅರ್ಜಿ ಆಮೇಲೆ. ಆಧಾರ್‌ಗೆ ಜೋಡಿಸಿದ್ದು ಹಳೆಯ ಮೊಬೈಲ್ ನಂಬರಾದರೆ ಒಟಿಪಿಯೂ ಬರದು. ಪ್ರವೇಶದ ಕೊನೆಯ ವಾರದಲ್ಲಿ ಇದು ಗೊತ್ತಾದರೆ ಆ ವರ್ಷ ಹೋದಂತೆಯೇ.

ಕಾರವಾರ, ಕುಮಟಾ, ಶಿರಸಿಯ ಕಾಲೇಜುಗಳು ಪ್ರವೇಶಕ್ಕೆ ಎರಡು ತಿಂಗಳು ಮುಂಚೆ, ಶನಿವಾರ ಮಧ್ಯಾಹ್ನ, ಒಂದು ಮೇಜು ಹಾಕಿ ದಾಖಲೆ ನೋಡಿಕೊಡಲಿ. ಒಬ್ಬ ಗುಮಾಸ್ತರು, ಒಂದು ಕಂಪ್ಯೂಟರ್ ಸಾಕು. ಹಾಗೆಯೇ ಅರ್ಜಿಯಲ್ಲಿನ ‘ತಂದೆ/ಪೋಷಕರ ಸಹಿ’ ಗೆರೆಯನ್ನು ಹದಿನೆಂಟು ದಾಟಿದವರಿಗೆ ತೆಗೆಯಲಿ. ಮೊಮ್ಮಕ್ಕಳಿರುವವರು ಯಾರಿಂದ ಸಹಿ ಹಾಕಿಸಬೇಕು?

ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಖರ್ಚು ಉಳಿದಿದೆ, ನಿಜ. ಆದರೆ ಸಂಜೆ ತರಗತಿ ಬಿಡುವ ಹೊತ್ತಿಗೆ ಘಟ್ಟದ ಹಳ್ಳಿಗಳ ಕೊನೆಯ ಬಸ್ಸು ಹೋಗಿರುತ್ತದೆ. ಸಂಪರ್ಕ ತರಗತಿಗಳನ್ನು ಭಾನುವಾರ ಬೆಳಿಗ್ಗೆ 10ರಿಂದ 3ರವರೆಗೆ ಇಡಿ. ಮಳೆಗಾಲದಲ್ಲಂತೂ ಬೇರೆ ದಾರಿಯಿಲ್ಲ.

– ನಿವೃತ್ತ ಉಪನ್ಯಾಸಕರು, ಕುಮಟಾ