ಆರ್ಡರು ಯಾರ ಕೈಗೆ ಹೋಗುತ್ತದೆ, ನೋಡಿಕೊ

ಚಿ. ಸುಹಾಸನಿಗೆ ಚಿಕ್ಕಪ್ಪನ ಆಶೀರ್ವಾದಗಳು.

ಅಮೆರಿಕದಲ್ಲಿ ನೀನು ಷೇರು ಕೊಳ್ಳುವ ಆ್ಯಪು ಕಮಿಷನ್ ತೆಗೆದುಕೊಳ್ಳುವುದಿಲ್ಲ, ಮೇಲಾಗಿ ನಿಮ್ಮ ಮ್ಯಾಸಚೂಸೆಟ್ಸ್ ರಾಜ್ಯದ ಕಾನೂನು ಬಿಗಿ ಎಂದು ಬರೆದಿದ್ದೀಯ. ಮೊದಲನೆಯದು ಸರಿ. ಎರಡನೆಯದನ್ನು ನಂಬಿ ಕೂರಬೇಡ.

ಇಲ್ಲಿ ನಮ್ಮ ಆರ್ಡರು ಎನ್‌ಎಸ್‌ಇಗೋ ಬಿಎಸ್‌ಇಗೋ ಹೋಗಿ ಹೊಂದಾಣಿಕೆಯಾಗುತ್ತದೆ. ಅಲ್ಲಿ ಸಿಟಡೆಲ್, ವರ್ಚು ತರಹದ ಸಗಟಿನವರು, ಅಂದರೆ ಆರ್ಡರುಗಳಿಗೆ ತಾವೇ ಎದುರು ನಿಂತು ಷೇರು ಕೊಳ್ಳುವ, ಮಾರುವ ಕಂಪನಿಗಳು, ಬ್ರೋಕರಿಗೆ ದುಡ್ಡು ಕೊಟ್ಟು ಆರ್ಡರು ತರಿಸಿಕೊಳ್ಳುತ್ತಾರೆ. ನಿಮ್ಮ ರಾಜ್ಯದ 2020ರ ನಿಯಮ ಹಿಡಿಯುವುದು ಬ್ರೋಕರ್ ಕೊಡುವ ಸಲಹೆಯನ್ನು. ಅದರಡಿ ರಾಬಿನ್‌ಹುಡ್ ಎಂಬ ಬ್ರೋಕರ್ ಕಂಪನಿ 2024ರಲ್ಲಿ 75 ಲಕ್ಷ ಡಾಲರ್ ಕಟ್ಟಿ ರಾಜಿಯಾಯಿತು ನಿಜ, ಆದರೆ ಮುಖ್ಯ ತಕರಾರು ಆಟದಂತೆ ವ್ಯಾಪಾರಕ್ಕೆ ಸೆಳೆಯುವ ಆ್ಯಪಿನದು, ಆರ್ಡರು ಮಾರಿದ್ದರದಲ್ಲ. ಆ ವಿಷಯದಲ್ಲಿ ರಾಜ್ಯಗಳ ಕೈ ಕಟ್ಟಿ ಬಹಳ ವರ್ಷವಾಯಿತು. 1996ರಲ್ಲೇ ನ್ಯೂಯಾರ್ಕಿನ ಅತ್ಯುಚ್ಚ ಕೋರ್ಟು, ಇದು ಕೇಂದ್ರದ ಷೇರುಪೇಟೆ ನಿಯಂತ್ರಕ ಎಸ್‌ಇಸಿಯ ನಿಯಮದ ವಿಷಯ, ರಾಜ್ಯದ ಕಾನೂನು ಹಿಡಿದು ದಾವೆ ಹೂಡುವಂತಿಲ್ಲ ಎಂದಿತು. ಮಿನೆಸೋಟ, ಇಲಿನಾಯ್ ಕೋರ್ಟುಗಳೂ ಹಾಗೇ ಹೇಳಿದವು. ಎಸ್‌ಇಸಿ ಕೂಡ ಬ್ರೋಕರುಗಳು ಹೀಗೆ ದುಡ್ಡು ಪಡೆಯುವುದನ್ನು ತಡೆದಿಲ್ಲ, ಮುಚ್ಚಿಟ್ಟರೆ ಹಿಡಿಯುತ್ತದೆ. 2020ರ ಡಿಸೆಂಬರಿನಲ್ಲಿ ಅದೇ ರಾಬಿನ್‌ಹುಡ್ 6.5 ಕೋಟಿ ಡಾಲರ್ ತೆತ್ತಿತು. ಕಮಿಷನ್ ಉಳಿತಾಯ ಕಳೆದ ಮೇಲೂ ಗ್ರಾಹಕರಿಗೆ 3.41 ಕೋಟಿ ಡಾಲರ್ ಲುಕ್ಸಾನಾಗಿತ್ತು ಎಂಬುದು ಎಸ್‌ಇಸಿ ಲೆಕ್ಕ.

ಆ ಲುಕ್ಸಾನು ಹೇಗೆ ಅಂತೀಯಾ? ಷೇರಿಗೆ ಕೊಳ್ಳುವವರ ಬೆಲೆ 50.00, ಮಾರುವವರ ಬೆಲೆ 50.04 ಇರಲಿ. ಮಾರ್ಕೆಟ್ ಆರ್ಡರಿಗೆ, ಅಂದರೆ ಸಿಕ್ಕ ಬೆಲೆಗೆ ಕೊಡು ಎಂಬ ಆರ್ಡರಿಗೆ, 50.039ಕ್ಕೆ 200 ಷೇರು ಸಿಕ್ಕಿತು. 50.04ಕ್ಕಿಂತ ಅಗ್ಗವಾಯಿತೆಂದು ಆ್ಯಪು 20 ಸೆಂಟು ಲಾಭ ತೋರಿಸುತ್ತದೆ. ನಡುಬೆಲೆ 50.02. ಅದರಿಂದ ಎಣಿಸಿದರೆ 3.80 ಡಾಲರ್ ಹೆಚ್ಚು ಕೊಟ್ಟಿದ್ದೀಯ.

ಅದಕ್ಕೇ ಇಷ್ಟಕ್ಕಿಂತ ಹೆಚ್ಚು ಕೊಡೆನೆಂದು ಬೆಲೆ ಕಟ್ಟುವ ಲಿಮಿಟ್ ಆರ್ಡರು ಹಾಕು, ನಡುಬೆಲೆಯಿಂದ ಶುರುಮಾಡು, ಸಿಗದಿದ್ದರೆ ಒಂದೊಂದೇ ಸೆಂಟು ಏರಿಸು. ತಡವಾಗಬಹುದು, ಬೆಲೆ ಕೈತಪ್ಪಲೂಬಹುದು. ಬೆಳಿಗ್ಗೆ 9.30ಕ್ಕೆ ಪೇಟೆ ತೆರೆದ ಕೂಡಲೇ ನುಗ್ಗಬೇಡ, ಆಗ ಎರಡು ಬೆಲೆಗಳ ಅಂತರ ಅಗಲವಾಗಿರುತ್ತದೆ. ಆಪ್ಷನ್ಸಿನಲ್ಲಂತೂ (ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ವ್ಯಾಪಾರ) ಅಂತರವೂ ದೊಡ್ಡದು, ಬ್ರೋಕರಿಗೆ ಬರುವ ದುಡ್ಡೂ ದೊಡ್ಡದು. ಸದ್ಯ ಅದರ ಗೊಡವೆಯೇ ನಿನಗೆ ಬೇಡ.

ಬ್ರೋಕರಿನ ವೆಬ್‌ಸೈಟಿನಲ್ಲಿ ಮೂರು ತಿಂಗಳಿಗೊಮ್ಮೆ ಆರ್ಡರುಗಳನ್ನು ಯಾರಿಗೆ ಕಳಿಸಿ ಎಷ್ಟು ದುಡ್ಡು ಪಡೆದರೆಂಬ ‘ರೂಲ್ 606’ ವರದಿ ಬರುತ್ತದೆ. ನೂರು ಷೇರಿಗೆ ಎಷ್ಟು ಸೆಂಟು ಎಂಬ ಕಾಲಮ್ಮನ್ನು ಮಾರ್ಕೆಟ್ ಆರ್ಡರಿನ ಸಾಲಿನಲ್ಲಿ ನೋಡು, ಬೇರೆ ಎರಡು ಬ್ರೋಕರುಗಳದರ ಜೊತೆ ಹೋಲಿಸು. ಹಿಂದಿನ ಆರು ತಿಂಗಳಲ್ಲಿ ನಿನ್ನವೇ ಆರ್ಡರುಗಳು ಎಲ್ಲೆಲ್ಲಿಗೆ ಹೋದವೆಂದು ಲಿಖಿತವಾಗಿ ಕೇಳು, ಕೇಳಿದರೆ ಕೊಡಲೇಬೇಕು. ಬಂದ ಪಟ್ಟಿಯನ್ನು ನನಗೂ ಕಳಿಸು.

ಇಂತಿ ನಿನ್ನ ಚಿಕ್ಕಪ್ಪ